ಓಡಬಾರದು

ಕ್ಯಾಲನೂರಿನ ಸುನಂದ ಯಾರಿಗೂ ಹೆದರಿದವಳಲ್ಲ. ಈಗ ತೂಕದ ಯಂತ್ರಕ್ಕೆ ಹೆದರುತ್ತಿದ್ದಳು. ತಮ್ಮ ಶ್ರೀಧರನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಾಲೂರಿನ ಫ್ಯಾಕ್ಟರಿ ಕೆಲಸ ಬಿಟ್ಟು, ಅಕ್ಕನ ಮನೆಯಲ್ಲಿದ್ದುಕೊಂಡು ಕೋಲಾರಕ್ಕೆ ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದ. ಅಮ್ಮನಿಗೆ ಸಕ್ಕರೆ ಕಾಯಿಲೆ. ಕಿಡ್ನಿ ಕೊಡಲು ಉಳಿದವಳು ಸುನಂದ ಒಬ್ಬಳೇ. ರಕ್ತ ಹೊಂದಿತು, ಮನಸ್ಸಂತೂ ಮೊದಲೇ ಹೊಂದಿತ್ತು. ದೊಡ್ಡ ಡಾಕ್ಟರು ಮಾತ್ರ ಅವಳನ್ನು ಮೇಲಿಂದ ಕೆಳಗೆ ನೋಡಿ, ಹತ್ತು ಕೆಜಿ ಇಳಿಸಿಕೊಂಡು ಬನ್ನಿ, ಈ ತೂಕದಲ್ಲಿ ಆಪರೇಷನ್ ಆಗುವುದಿಲ್ಲ ಎಂದುಬಿಟ್ಟರು.

ಹೇಗೆ ಇಳಿಸಬೇಕೆಂದು ಅವಳು ಕೇಳಲಿಲ್ಲ. ಅಷ್ಟು ವ್ಯವಧಾನ ಯಾರಿಗಿತ್ತು? ಬೆವರಿದಷ್ಟೂ ಬೇಗ ಕರಗುತ್ತದೆಂದು ತಾನೇ ತೀರ್ಮಾನಿಸಿ, ಮಾರನೆಯ ಬೆಳಗ್ಗೆಯೇ ಸೀರೆ ಎತ್ತಿ ಕಟ್ಟಿ ಕೆರೆ ಏರಿಯ ಮೇಲೆ ಓಡಿದಳು. ಊರು ನಕ್ಕಿತು. ನಗುವವರ ಹಲ್ಲು ಕಾಣುತ್ತದೆ ಅಷ್ಟೆ ಎಂದು ಅವಳು ಇನ್ನೂ ಜೋರಾಗಿ ಓಡಿದಳು.

ಅತ್ತೆ ಆದಿಲಕ್ಷ್ಮಮ್ಮ ಒಳ್ಳೆಯವರು; ಅದೇ ತೊಂದರೆಯಾಯಿತು. ರೇಷ್ಮೆಹುಳ ನಾಲ್ಕನೇ ಸಲ ಪೊರೆ ಕಳಚಿ, ಆ ಜ್ವರದಿಂದೆದ್ದು ಹಗಲೂ ಇರುಳೂ ಮೇಯುವ ಕಾಲ. ಮನೆಮಂದಿಯೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊರಬೇಕು. ಸೊಸೆಯನ್ನು ಮಾತ್ರ ತೋಟಕ್ಕೂ ಬಿಡಲಿಲ್ಲ, ಹುಳದ ಮನೆಗೂ ಬಿಡಲಿಲ್ಲ. ಆಳು ಇಟ್ಟರು. ನೀನು ಎಕ್ಸರ್‌ಸೈಜ್ ಮಾಡ್ಕೊಂಡು, ಮಿಕ್ಕ ಹೊತ್ತು ಸುಧಾರಿಸ್ಕೋ ಎಂದರು. ದಿನವಿಡೀ ಹೊರೆ ಹೊರುತ್ತಿದ್ದ ಹೆಂಗಸು ಬೆಳಗ್ಗೆ ಒಂದಿಷ್ಟು ಓಡಿ, ಸಂಜೆಯತನಕ ಮಂಚದ ಮೇಲೆ ಬಿದ್ದುಕೊಂಡಳು. ಹೊಟ್ಟೆಯೇನು ರಜೆ ತೆಗೆದುಕೊಳ್ಳುತ್ತದೆಯೇ? ಮುದ್ದೆ ಬಿಟ್ಟು ನೋಡಿದಳು, ತಲೆ ತಿರುಗಿ ಬಿದ್ದಳು. ಆಮೇಲೆ ಮಂಡಿ ಊದಿಕೊಂಡಿತು. ಕುಂಟುತ್ತಾ ಕೋಲಾರಕ್ಕೆ ಹೋಗಿ ಯಂತ್ರದ ಮೇಲೆ ನಿಂತರೆ, ತೂಕ ಏರಿತ್ತು.

ಮಂಡಿ ನೋಡಿದ ಡಾಕ್ಟರು ಬೈಯಲಿಲ್ಲ. ಭಾರದ ಮೈ ಒಮ್ಮೆಲೇ ಓಡಿದರೆ ಮಂಡಿ ತಡೆಯುವುದಿಲ್ಲ; ಊತ ಇಳಿದ ಮೇಲೆ ನಡೆಯಿರಿ, ದಿನವೂ ತಪ್ಪದೆ, ತೋಟದ ಕೆಲಸವನ್ನೂ ಬಿಡಬೇಡಿ, ಉಪವಾಸ ಬೇಡ ಎಂದರು. ನಿಧಾನವಾಗಿ ಇಳಿಯುತ್ತದೆ ಎಂದರು.

"ನಿಧಾನ ಅಂದ್ರೆ ಎಷ್ಟು ಸಾರ್? ಅವನು ಕಾಯ್ಬೇಕಲ್ಲ" ಎಂದು ಸುನಂದ ಅಲ್ಲೇ ಅತ್ತುಬಿಟ್ಟಳು.

ಊತ ಇಳಿಯಿತು. ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು, ಬೆಳಗ್ಗೆ ನಡೆಯತೊಡಗಿದಳು. ಜೊತೆಗೆ ನಾನೂ ಬರುತ್ತೇನೆಂದು ಶ್ರೀಧರ ಹೊರಟ. ಮೊದಮೊದಲು ರಸ್ತೆಯ ಮೋರಿಯತನಕ ಬಂದು, ಅದರ ಕಟ್ಟೆಯ ಮೇಲೆ ಕೂತು, ಅವಳು ಮುಂದೆ ಹೋಗಿ ಮರಳುವವರೆಗೆ ಕಾಯುತ್ತಿದ್ದ. ಅವಳ ತೂಕ ಇಳಿಯುತ್ತಿತ್ತು. ಪ್ರತಿಸಲ ಅವಳು ತೂಕದ ಯಂತ್ರದಿಂದಿಳಿದು ಬಂದಾಗ ಅವನೇ ಮೊದಲು ನಗುತ್ತಿದ್ದ. ಆದರೆ ಮೋರಿಯತನಕ ಬರುತ್ತಿದ್ದವನು ಹಾಲಿನ ಡೈರಿಗೇ ನಿಲ್ಲತೊಡಗಿದ. ಆಮೇಲೆ ಬೀದಿಯ ಬೇವಿನ ಮರಕ್ಕೆ. ತನ್ನ ತೂಕ ಹೆಚ್ಚು ಬೇಗ ಇಳಿಯುತ್ತಿದೆಯೋ, ಅವನ ಹೆಜ್ಜೆಯೋ ಎಂದು ಅವಳು ನಡೆಯುತ್ತಲೇ ಲೆಕ್ಕ ಹಾಕುತ್ತಿದ್ದಳು. ಲೆಕ್ಕ ಒಂದು ದಿನವೂ ಅವಳ ಪರವಾಗಿ ಬರಲಿಲ್ಲ.

ಡಾಕ್ಟರು ಹೇಳಿದ್ದರಲ್ಲಿ ಇನ್ನೂ ಮೂರು ಕೆಜಿ ಬಾಕಿಯಿದ್ದ ಬೆಳಗ್ಗೆ, ಶ್ರೀಧರ ಚಪ್ಪಲಿ ಮೆಟ್ಟಿದವನು ಹೊಸ್ತಿಲು ದಾಟಲಾರದೆ ಜಗಲಿಯ ಕಂಬ ಹಿಡಿದು ಕೂತ. ಅವನ ಕಾಲೂ ಮುಖವೂ ಊದಿದ್ದವು. ಸುನಂದಳ ಕಣ್ಣು ಕೆರೆ ಏರಿಯ ಕಡೆ ಹೋಯಿತು. ಅದನ್ನು ಅವನು ಕಂಡ.

"ಅಕ್ಕಾ, ಓಡ್ಬೇಡ ಕಣೇ. ಮಂಡಿ ಹೋದ್ರೆ ಮತ್ತೆ ಮೊದಲಿಂದ. ನಾನಿಲ್ಲೇ ಕೂತಿರ್ತೀನಿ, ನೀ ನಡ್ಕೊಂಡ್ ಬಾ."

ಅವಳು ಹೊರಟಳು. ಬೇವು ದಾಟಿತು, ಡೈರಿ ದಾಟಿತು. ಹಿಂದಿರುಗಿ ನೋಡಿದರೆ ಓಡಿಬಿಡುತ್ತೇನೆಂದು ತಿರುಗಿ ನೋಡಲಿಲ್ಲ. ಜೀವವೆಲ್ಲ ಓಡು ಓಡು ಎನ್ನುತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅವಳು ನಡೆದಳು.