ನೋಯದ ಕಾಲು

ಬಸ್ಸಿನಲ್ಲಿ ಅವನಿಗೆ ಸೀಟು ಬಿಟ್ಟುಕೊಟ್ಟವಳು ಬಸುರಿ ಹೆಂಗಸು.

ಅವನು ಎಂದಿನಂತೆ ಕತ್ತು ಬಗ್ಗಿಸಿ ಹತ್ತಿ, ಮೇಲಿನ ಕಂಬಿಗೆ ಮೊಣಕೈ ಊರಿಕೊಂಡು ನಿಂತಿದ್ದ. ಆರೂವರೆ ಅಡಿ ಎತ್ತರದ ಆಳು. ಊರಿಗೆಲ್ಲ ಏಣಿ ಎಂದೇ ಪರಿಚಯ. ಆ ಹೆಂಗಸು ಅವನ ಮುಖ ನೋಡಲಿಲ್ಲ. ಬಲಪಾದದ ಕೀಲನ್ನು ನೋಡಿದಳು. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ಮೆಲ್ಲಗೆ ಎದ್ದಳು.

"ಕೂತ್ಕೊಳ್ಳಿ."

"ಬೇಡಮ್ಮ, ನೀವು ಕೂತಿರಿ. ನಂಗೇನೂ ಆಗಿಲ್ಲ."

"ನಿಮ್ಮ ತಪ್ಪಲ್ಲ ಅದು," ಎಂದಳು ಅವಳು, ಮಗುವನ್ನು ಮಲಗಿಸುವವರ ದನಿಯಲ್ಲಿ. ಮುಂದೆ ಹೋಗಿ ಚಾಲಕನ ಹಿಂದಿನ ಕಂಬ ಹಿಡಿದು ನಿಂತುಬಿಟ್ಟಳು.

ಏಣಿ ಕೂರಲಿಲ್ಲ. ಬೇರೆಯವರೂ ಕೂರಲಿಲ್ಲ. ಬಸ್ಸು ತುಂಬಿ ಬಾಗಿಲಲ್ಲಿ ಜನ ಜೋತುಬಿದ್ದರೂ ಆ ಸೀಟಿನ ಸುತ್ತ ಮಾತ್ರ ಒಂದು ಗೇಣು ಜಾಗ ಬಿಟ್ಟುಕೊಂಡೇ ನಿಂತರು. ಏಳು ನಿಲ್ದಾಣ ಅದು ಖಾಲಿಯಾಗಿಯೇ ಬಂತು.

ಮೂರು ವಾರದಿಂದ ಹೀಗೇ ನಡೆಯುತ್ತಿತ್ತು. ಊರಿನ ಬ್ಯಾಸ್ಕೆಟ್‌ಬಾಲ್ ಕ್ಲಬ್ಬು ಹತ್ತೊಂಬತ್ತು ವರ್ಷಗಳ ನಂತರ ಪ್ಲೇಆಫ್ ತಲುಪಿತ್ತು. ಮೂರು ಪಂದ್ಯಗಳ ಸುತ್ತು. ಎರಡು ಗೆದ್ದವರು ಮುಂದಕ್ಕೆ. ಎರಡನೆಯ ಪಂದ್ಯದಲ್ಲಿ ಏಣಿ ಎಗರಿ ಇಳಿಯುವಾಗ ಎದುರಾಳಿಯ ಶೂ ಮೇಲೆ ಕಾಲಿಟ್ಟ. ಪಾದ ಮಡಚಿದ ಸದ್ದು ಮೂರನೆಯ ಸಾಲಿನವರೆಗೂ ಕೇಳಿಸಿತಂತೆ. ನಾಲ್ಕು ದಿನ ಬಿಟ್ಟು ನಡೆದ ಕೊನೆಯ ಪಂದ್ಯಕ್ಕೆ ಅದೇ ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಇಳಿದ. ಇಪ್ಪತ್ತಕ್ಕೆ ಕಡಿಮೆ ಅಂಕ ಗಳಿಸಿ ಗೊತ್ತಿಲ್ಲದವನು ಆ ಸಂಜೆ ಗಳಿಸಿದ್ದು ಆರೇ ಅಂಕ. ಇನ್ನು ಐದು ಸೆಕೆಂಡು ಇದೆ, ತಂಡ ಒಂದು ಅಂಕ ಹಿಂದಿದೆ ಎನ್ನುವಾಗ ಅವನಿಗೆ ಎರಡು ಫ್ರೀ ಥ್ರೋ ಸಿಕ್ಕವು. ಯಾರೂ ಅಡ್ಡ ಬರದ, ಗೆರೆಯ ಹಿಂದೆ ನಿಂತು ಎಸೆಯುವ ಎಸೆತ. ಒಂದು ಬಿದ್ದರೆ ಸಮ, ಎರಡೂ ಬಿದ್ದರೆ ಗೆಲುವು. ಎರಡೂ ಬೀಳಲಿಲ್ಲ.

ಬೈಗುಳಕ್ಕೆ ಅವನು ತಯಾರಾಗಿದ್ದ. ಹಿಂದೆ ಸಣ್ಣಪುಟ್ಟ ಸೋಲಿಗೆಲ್ಲ ಅಂಗಡಿಯವರು, ಕ್ಷೌರದವನು, ಎದುರು ಮನೆಯ ಮುದುಕ, ಎಲ್ಲರೂ ಅವನ ಬೆವರಿಳಿಸಿದವರೇ. ಈ ಸಲ ಊರಿಗೆ ಊರೇ ದನಿ ತಗ್ಗಿಸಿಬಿಟ್ಟಿತು. ನಿಮ್ಮ ತಪ್ಪಲ್ಲ ಎಂದರು. ಎಲ್ಲರೂ ಅದನ್ನೇ, ಅಷ್ಟೇ ಮೆತ್ತಗೆ, ಅವನ ಕಾಲನ್ನು ನೋಡಿಕೊಂಡು ಹೇಳಿದರು. ಅವನು ಗಾಜಿನ ಕಾರ್ಖಾನೆಯಲ್ಲಿ ಬಿಳಿ ದೀಪದ ಮುಂದೆ ಸಾಲಾಗಿ ಹಾದುಹೋಗುವ ಬಾಟಲಿಗಳಲ್ಲಿ ಬಿರುಕು ಹುಡುಕುವವನು. ಅಲ್ಲಿ ಅವನ ಪಾದದ ಕೆಳಗೆ ಯಾರೋ ಒಂದು ಮೆತ್ತೆ ಇಟ್ಟಿದ್ದರು. ಇಟ್ಟವರು ಯಾರೆಂದು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. "ಮೋಡ ಏನಂತಿದೆ ಏಣಿ, ಮಳೆ ಬರತ್ತಾ?" ಎಂದು ದಿನಕ್ಕೆ ಹತ್ತು ಸಲ ಕಾಲೆಳೆಯುತ್ತಿದ್ದ ಮೇಸ್ತ್ರಿ ಕೂಡ ಈಗ ಅವನ ಹಿಂದೆ ಹಾದುಹೋಗುವಾಗ ತುದಿಗಾಲಲ್ಲಿ ನಡೆಯುತ್ತಿದ್ದ.

ಯಾರಿಗೂ ಹೇಳದ ಸಂಗತಿ ಒಂದಿತ್ತು. ಆ ಕಾಲು ನೋಯುತ್ತಿರಲಿಲ್ಲ. ಮಡಚಿದ ಕ್ಷಣದಲ್ಲೂ ನೋಯಲಿಲ್ಲ, ಆಮೇಲೂ ಇಲ್ಲ. ಬದನೆ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು. ನೀರು ಹೊಯ್ದರೆ ತಣ್ಣಗೆನಿಸುತ್ತಿತ್ತು, ಕಾಲುಚೀಲದ ಬಿಗಿ ಗೊತ್ತಾಗುತ್ತಿತ್ತು. ಒಂದು ಬೆಳಿಗ್ಗೆ ಸ್ನಾನದ ಮನೆಯಲ್ಲಿ ಕೂತು ಚೊಂಬಿನ ಅಂಚಿನಿಂದ ಅದರ ಮೇಲೆ ಹೊಡೆದು ನೋಡಿದ. ಸದ್ದಾಯಿತು, ಅಷ್ಟೆ. ಯಾರೋ ತಮ್ಮ ಕಾಲನ್ನು ಅವನ ಬಳಿ ಕಾಯಲು ಕೊಟ್ಟುಹೋದ ಹಾಗಿತ್ತು.

ಬಸ್ಸಿಳಿದು ಅವನು ನೇರ ಕ್ಲಬ್ಬಿಗೆ ಹೋದ. ಗ್ಯಾಲರಿಯ ಕೆಳಗಿನ ಚಿಕಿತ್ಸೆಯ ಕೋಣೆಯಲ್ಲಿ ಫಿಸಿಯೋ ರಟ್ಟಿನ ಡಬ್ಬಕ್ಕೆ ಸಾಮಾನು ತುಂಬುತ್ತಿದ್ದಳು. ಒಂಬತ್ತು ವರ್ಷದಿಂದ ತಂಡದ ಕೈಕಾಲುಗಳನ್ನೆಲ್ಲ ನೋಡಿಕೊಂಡವಳು. ನಲವತ್ತು ದಾಟಿದ, ಕುಳ್ಳನೆಯ, ಮಾತಿನಲ್ಲಿ ಖಡಕ್ಕಾದ ಹೆಂಗಸು.

"ಇದೇನು ಮೇಡಂ, ಎಲ್ಲಿಗೆ ಹೊರಟ್ರಿ?"

ಅವಳು ಮೇಜಿನ ಮೇಲಿದ್ದ ಕಾಗದವನ್ನು ಅವನ ಕಡೆ ಸರಿಸಿದಳು. ಗಾಯಗೊಂಡ ಆಟಗಾರನನ್ನು ಕಣಕ್ಕಿಳಿಸಿದ ಹೊಣೆ ಯಾರದೆಂದು ತೀರ್ಮಾನಿಸಲು ಶುಕ್ರವಾರ ಹನ್ನೊಂದಕ್ಕೆ ಸಭೆ. ಆಡಲು ಯೋಗ್ಯ ಎಂದು ಸಹಿ ಹಾಕಿದ ಫಿಸಿಯೋ ಹಾಜರಿರತಕ್ಕದ್ದು.

"ಊರಲ್ಲಿ ಯಾರೂ ನಿನ್ನ ಬೈತಿಲ್ಲ ಅಲ್ವಾ," ಎಂದಳು ಅವಳು. "ಬೈಗುಳ ಎಲ್ಲಿಗೆ ಹೋಗತ್ತೆ ಅಂದ್ಕೊಂಡಿದ್ದೆ? ಇಲ್ಲಿಗೆ ಬರ್ತಿದೆ. ನನ್ನ ಮಗಳನ್ನ ಶಾಲೆಯಲ್ಲಿ ಯಾರೂ ಪಕ್ಕದಲ್ಲಿ ಕೂರಿಸ್ಕೊಳ್ತಿಲ್ಲ. ಇಲ್ಲಿಂದ ಹೀಗೆ ಕಳಿಸಿದ್ರೆ ಇನ್ನೊಂದು ಕಡೆ ಯಾರು ಕರೀತಾರೆ?"

"ನೀವು ಕೇಳಿದ್ರಿ, ನೋವಿದೆಯಾ ಅಂತ. ನಾನೇ ಇಲ್ಲ ಅಂದೆ."

"ಸುಳ್ಳು ಹೇಳಿದೆ. ಎಲ್ಲಾ ಆಟಗಾರರೂ ಹೇಳ್ತಾರೆ. ಅದನ್ನ ಹಿಡಿಯೋದು ನನ್ನ ಕೆಲಸ, ಹಿಡೀಲಿಲ್ಲ." ಅವಳು ಲಕೋಟೆಯಿಂದ ಸ್ಕ್ಯಾನಿನ ಹಾಳೆ ತೆಗೆದು ಕಿಟಕಿಗೆ ಹಿಡಿದಳು. "ಇದು ಪಂದ್ಯದ ಮಾರನೇ ದಿನ ತೆಗೆದದ್ದು. ನೋಡು, ಮೂಳೆ ಹಿಡಿದಿಡೋ ಈ ಲಿಗಮೆಂಟು ಪೂರ್ತಿ ಕಿತ್ತುಹೋಗಿದೆ. ಇದರ ಮೇಲೆ ನಿಂತ್ಕೊಳ್ಳೋಕೇ ಆಗಲ್ಲ, ಓಡೋದು ದೂರದ ಮಾತು. ಅಂಥಾ ನೋವನ್ನ ಮುಖದಲ್ಲಿ ಒಂದು ಗೆರೆ ಇಲ್ಲದೆ ಹೇಗೆ ನುಂಗಿದೆಯೋ ನಾ ಕಾಣೆ."

ಏಣಿ ಬಾಯಿ ತೆರೆದ. ನುಂಗಲಿಲ್ಲ, ನೋವೇ ಇರಲಿಲ್ಲ ಎನ್ನಬೇಕೆಂದಿದ್ದ. ಬೂದು ಹಾಳೆಯಲ್ಲಿ ಕಾಣುತ್ತಿದ್ದ ಆ ಕೀಲಿನ ಮೇಲೆ ಒಮ್ಮೆ ಬೆರಳಾಡಿಸಿದ. ಕೊನೆಯ ಪಂದ್ಯದ ವಿಡಿಯೋ ಇದ್ದರೆ ಕೊಡಿ ಎಂದಷ್ಟೇ ಕೇಳಿ ಇಸಿದುಕೊಂಡು ಬಂದ.

ಅವನ ವಾಸ ಅಕ್ಕನ ಮನೆಯಲ್ಲಿ. ಭಾವ ಕೆಲಸಕ್ಕೆ ಹೋಗಿದ್ದ. ಮಧ್ಯಾಹ್ನದ ಬಿಸಿಲು ಹಜಾರದ ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಅಕ್ಕ ಒಗೆದ ಬಟ್ಟೆ ಮಡಚುತ್ತಾ ಬಂದು ಪಕ್ಕದಲ್ಲಿ ಕೂತಳು. ಒಂಬತ್ತನೇ ವಯಸ್ಸಿನಲ್ಲಿ ಬಂದ ಜ್ವರದಲ್ಲಿ ಅವಳ ಕಿವಿ ಪೂರ್ತಿ ಹೋಗಿತ್ತು. ಅಲ್ಲಿಂದ ಜನರ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು. ತನ್ನ ಮಾತನ್ನು ಮಾತ್ರ ಏರಿಳಿತವಿಲ್ಲದೆ ಒಂದೇ ಸಮನೆ ಆಡುತ್ತಿದ್ದಳು.

ವಿಡಿಯೋ ಶುರುವಾಯಿತು. ಸದ್ದು ಹಾಕುವ ಅಗತ್ಯವಿರಲಿಲ್ಲ.

"ನಿಮ್ಮ ಕೋಚ್ ಬೈತಾ ಬೈತಾ ರೆಫರಿಯ ಅಜ್ಜನ ತನಕ ಹೋದ," ಎಂದಳು ಅಕ್ಕ. "ಆ ಗಡ್ಡದವನು ನಿನ್ನನ್ನ ಮರ ಅಂತಾನೆ. ಇವನು ಪಾಪ, ಏನೋ ಹಾಡು ಹೇಳ್ಕೊಳ್ತಿದಾನೆ."

ಏಣಿ ನಗಲಿಲ್ಲ. ಅವನು ತನ್ನ ಕಾಲನ್ನು ನೋಡುತ್ತಿದ್ದ. ಪರದೆಯ ಮೇಲಿನ ಮನುಷ್ಯ ಕುಂಟುತ್ತಿರಲಿಲ್ಲ. ಓಡುತ್ತಿದ್ದ, ತಿರುಗುತ್ತಿದ್ದ, ಬಲಗಾಲಿನ ಮೇಲೇ ಭಾರ ಹಾಕಿ ಎಗರುತ್ತಿದ್ದ. ಯಾವ ಕಡೆಯಿಂದ ನೋಡಿದರೂ ಗಟ್ಟಿಮುಟ್ಟಾದ ಆಟಗಾರ. ಚೆಂಡು ಮಾತ್ರ ಪ್ರತಿ ಸಲ ಒಂದು ಬೆರಳಿನಷ್ಟು ಆಚೆ ಹೋಗುತ್ತಿತ್ತು. ಪ್ರತಿ ಸಲವೂ ಅಷ್ಟೇ ಆಚೆ, ಅಳತೆ ಹಿಡಿದ ಹಾಗೆ.

ಕೊನೆಗೆ ಫ್ರೀ ಥ್ರೋ ಗೆರೆ ಬಂತು. ಕ್ಯಾಮೆರಾ ಅವನ ಮುಖಕ್ಕೆ ಹತ್ತಿರ ಹೋಯಿತು. ಚೆಂಡು ಎತ್ತುವ ಮುನ್ನ ಆ ಮುಖದ ತುಟಿಗಳು ಅಲುಗಿದವು. ಎಸೆದ, ತಪ್ಪಿತು. ಮತ್ತೆ ಚೆಂಡು ಕೈಗೆ ಬಂತು. ಮತ್ತೆ ತುಟಿ ಅಲುಗಿತು. ತಾನು ಏನಾದರೂ ಹೇಳಿದ್ದು ಏಣಿಗೆ ನೆನಪಿರಲಿಲ್ಲ. ಅವನು ಎಸೆಯುವಾಗ ಹಲ್ಲು ಕಚ್ಚಿಕೊಳ್ಳುವವನು.

ಅಕ್ಕ ಎದ್ದು ಬಟ್ಟೆಯ ಬುಟ್ಟಿ ಎತ್ತಿಕೊಂಡಳು. ಅವನು ಅವಳ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡ.

"ಏನಂದೆ ನಾನು?"

"ಬಿಡು ಪುಟ್ಟ."

"ಹೇಳಕ್ಕ."

ಅವಳು ಬುಟ್ಟಿಯನ್ನು ಎದೆಗೆ ಒತ್ತಿಕೊಂಡೇ ಇನ್ನೊಂದು ಸಲ ತೋರಿಸು ಎಂದಳು. ಅವನು ಹಿಂದಕ್ಕೆ ಹಾಕಿದ. ಅವಳು ಬಾಗಿ, ಪರದೆಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು.

"ಬೀಳಬೇಡ ಅಂತಾನೆ. ಎರಡು ಸಲಾನೂ ಅದೇ."

"ಅಂತಾನೆ ಅಂದ್ರೆ? ಅದು ನಾನಲ್ವಾ?"

ಅಕ್ಕ ಅವನ ಬಾಯಿಯನ್ನೇ ನೋಡಿದಳು. "ಮೂವತ್ತು ವರ್ಷದಿಂದ ನಿನ್ನ ಬಾಯಿ ನೋಡ್ತಿದೀನಿ. ನೀನು ಮಾತಾಡೋವಾಗ ಎಡಗಡೆ ತುಟಿ ಮೊದಲು ಏಳತ್ತೆ, ಹಾಲು ಕುಡಿಯೋ ವಯಸ್ಸಿಂದಾನೂ. ಅಲ್ಲಿ ಏಳಲ್ಲ." ಅವಳು ಪರದೆಯನ್ನು ಆರಿಸಿದಳು. "ಅದು ನಿನ್ನ ಬಾಯಿ ಆಡೋ ರೀತಿ ಅಲ್ಲ. ನನ್ನ ಏನೂ ಕೇಳಬೇಡ."

ಆಮೇಲೆ ಎರಡು ದಿನ ಅವಳು ಅವನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಊಟ ಬಡಿಸುವಾಗಲೂ ತಟ್ಟೆಯನ್ನೇ ನೋಡಿದಳು. ಏಣಿ ಕನ್ನಡಿಯ ಮುಂದೆ ನಿಂತು ಆ ಮಾತನ್ನು ಮತ್ತೆ ಮತ್ತೆ ಆಡಿ ನೋಡಿದ. ಪ್ರತಿ ಸಲವೂ ಎಡತುಟಿಯೇ ಮೊದಲು ಎದ್ದಿತು.

ಶುಕ್ರವಾರದ ಸಭೆ ಕ್ಲಬ್ಬಿನ ಎರಡನೇ ಮಹಡಿಯ ಕೋಣೆಯಲ್ಲಿ. ಮೇಜಿನ ಆಚೆ ಮ್ಯಾನೇಜರ್, ಪಕ್ಕದಲ್ಲಿ ಕೋಚ್, ಈಚೆ ಫಿಸಿಯೋ. ಏಣಿಯನ್ನು ಯಾರೂ ಕರೆದಿರಲಿಲ್ಲ. ಅವನು ಒಳಗೆ ಬಂದ ಕೂಡಲೇ ಮ್ಯಾನೇಜರ್ ಎದ್ದು ಕುರ್ಚಿ ಎಳೆದು, ಕಾಲು ಚಾಚಿಕೊಳ್ಳಲು ಇನ್ನೊಂದು ಕುರ್ಚಿಯನ್ನೂ ಇಟ್ಟ.

"ನಿಂದೇನೂ ತಪ್ಪಿಲ್ಲಪ್ಪ. ನೀನ್ಯಾಕೆ ಬರೋಕೆ ಹೋದೆ? ಗಾಯ ಆದವನನ್ನ ಬೈಯೋಕೆ ನಮಗೇನು ಮನುಷ್ಯತ್ವ ಇಲ್ವಾ?"

"ಅದನ್ನೇ ಮಾತಾಡೋಣ ಅಂತ ಬಂದೆ," ಎಂದ ಏಣಿ. ಕೂರಲಿಲ್ಲ. "ನನ್ನ ಕಾಲು ನೋಯ್ತಿರಲಿಲ್ಲ. ಅವತ್ತೂ ಇಲ್ಲ, ಈಗಲೂ ಇಲ್ಲ. ಮೇಡಂ ಕೇಳಿದ್ರು, ನಾನು ಇದ್ದದ್ದನ್ನೇ ಹೇಳಿದೆ. ನಡೆಸಿ ನೋಡಿದ್ರು, ಓಡಿಸಿ ನೋಡಿದ್ರು, ಎಗರಿಸಿ ನೋಡಿದ್ರು. ಯಾರು ನೋಡಿದ್ರೂ ಸಹಿ ಹಾಕ್ತಿದ್ರು. ನನ್ನ ಆಟ ಕೆಟ್ಟದ್ದು ಕಾಲಿಂದಾಗಿ ಅಲ್ಲ. ವಿಡಿಯೋ ಹಾಕಿ ನೋಡಿ, ಒಂದು ಕಡೆನೂ ಕುಂಟಿಲ್ಲ."

ಫಿಸಿಯೋ ಅವನತ್ತ ತಿರುಗಿದಳು. ಮ್ಯಾನೇಜರ್ ಅವನ ಕಾಲನ್ನೇ ನೋಡುತ್ತಿದ್ದ.

"ಈಗ ದೊಡ್ಡ ಮನಸ್ಸು ಮಾಡಿ ಅವರನ್ನ ಉಳಿಸೋಕೆ ಹೇಳ್ತಿದೀಯ, ಅರ್ಥ ಆಗತ್ತೆ."

"ಅಲ್ಲ ಸಾರ್. ಎಸೆಯೋ ಮುಂಚೆ ನಾನು ಬೀಳಬೇಡ ಅಂದೆ. ಎರಡು ಸಲಾನೂ ಅಂದೆ."

"ಸರಿನಪ್ಪ. ಅಂಥಾ ಕಾಲಲ್ಲಿ ನಿಂತವನು, ಬೀಳಬಾರದು ಅಂತ ನಿನಗೆ ನೀನೇ ಹೇಳ್ಕೊಂಡೆ. ಅದರಲ್ಲೇನಿದೆ?"

ಕೋಚ್ ಅಷ್ಟು ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದವನು ಅದನ್ನು ನಿಲ್ಲಿಸಿದ.

"ಯಾರಿಗೆ ಹೇಳಿದೆ?" ಎಂದ. "ಕಾಲಿಗಾ, ಚೆಂಡಿಗಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಅಂದದ್ದೇ ನೆನಪಿಲ್ಲ. ವಿಡಿಯೋ ನೋಡಿ ತಿಳ್ಕೊಂಡೆ. ಆದ್ರೆ ನಿಂತಿದ್ದವನು ನಾನೇ. ಕೈ ನಂದು. ಬೇರೆಯವರನ್ನ ಹುಡುಕಬೇಡಿ."

ಹೊರಗೆ ಅಂಗಳದಲ್ಲಿ ಯಾರೋ ಪೈಪಿನಿಂದ ನೆಲ ತೊಳೆಯುತ್ತಿದ್ದರು. ನೀರಿನ ಸದ್ದು ನಿಂತು, ಮತ್ತೆ ಶುರುವಾಯಿತು. ಕೋಚ್ ಮೆಲ್ಲಗೆ ತಲೆ ಎತ್ತಿ ಏಣಿಯ ಮುಖ ನೋಡಿದ. ಮೂರು ವಾರದಲ್ಲಿ ಅಕ್ಕನನ್ನು ಬಿಟ್ಟರೆ ಅವನ ಮುಖ ನೋಡಿದ ಮೊದಲ ಮನುಷ್ಯ.

"ಬೆಂಚಲ್ಲಿ ಏಳು ಜನ ಕೂತಿದ್ರು," ಎಂದ ಕೋಚ್. ದನಿ ಏರಿಸಲಿಲ್ಲ. "ಆಗ್ತಿಲ್ಲ, ಕೈ ಮಾತು ಕೇಳ್ತಿಲ್ಲ ಅಂತ ಒಂದು ಸನ್ನೆ ಮಾಡಿದ್ರೆ ಸಾಕಿತ್ತು. ಹತ್ತೊಂಬತ್ತು ವರ್ಷ ಕಾದಿದ್ವಿ ಕಣೋ. ನಮ್ಮ ಹೊಟ್ಟೆ ಮೇಲೆ ಹೊಡೆದೆ. ಇಷ್ಟು ದಿನ ನಿನ್ನ ಮೇಲೆ ಕನಿಕರ ಪಟ್ಟು ನಾನು ನಿದ್ದೆ ಕೆಡಿಸ್ಕೊಂಡಿದ್ದೀನಿ. ನಿನ್ನ ಮುಖ ತೋರಿಸಬೇಡ ನನಗೆ."

"ಸರಿ ಸಾರ್."

"ಇದು ಹೊರಗೆ ಹೋಗತ್ತೆ," ಎಂದ ಮ್ಯಾನೇಜರ್. "ಊರು ಸುಮ್ಮನಿರಲ್ಲ. ಯೋಚನೆ ಮಾಡಿ ಹೇಳು."

"ಹೋಗಲಿ."

ಮ್ಯಾನೇಜರ್ ಕಾಗದದ ಮೇಲೆ ಏನೋ ಬರೆದು, ಫಿಸಿಯೋಗೆ ನೀವಿನ್ನು ಹೊರಡಬಹುದು, ಸೋಮವಾರ ಎಂದಿನಂತೆ ಬನ್ನಿ ಎಂದ. ಕಾಲು ಚಾಚಲೆಂದು ಹಾಕಿದ್ದ ಕುರ್ಚಿಯನ್ನು ಎತ್ತಿ ಗೋಡೆಗೆ ಇಟ್ಟ.

ಏಣಿ ಹೊರಬಂದು ಮೆಟ್ಟಿಲಿಳಿಯತೊಡಗಿದ. ಅವನ ಹೆಸರು ಹಿಡಿದು ಕೋಚ್ ಬೈಯುತ್ತಿದ್ದದ್ದು ತೆರೆದ ಬಾಗಿಲಿನಿಂದ ಕೇಳುತ್ತಿತ್ತು. ಆರನೆಯ ಮೆಟ್ಟಿಲಿಗೆ ಬಲಗಾಲು ಇಟ್ಟಾಗ ಪಾದದೊಳಗೆ ಏನೋ ಕಣ್ಣು ತೆರೆದಂತಾಯಿತು. ಕಂಬಿ ಹಿಡಿಯುವಷ್ಟರಲ್ಲಿ ಅದು ಮಂಡಿಗೆ, ತೊಡೆಗೆ, ಹೊಟ್ಟೆಗೆ ಏರಿತು. ಉಸಿರು ನಿಂತುಹೋಯಿತು. ಅವನು ಗೋಡೆಗೆ ಬೆನ್ನು ಜಾರಿಸುತ್ತಾ ಅಲ್ಲೇ ಕೂತ. ಅಷ್ಟುದ್ದದ ಮೈಯನ್ನು ಮೂರು ಮೆಟ್ಟಿಲಲ್ಲಿ ಮಡಚಿಕೊಂಡು ಬಾಯಿ ತೆರೆದ. ದನಿ ಹೊರಡಲಿಲ್ಲ.

ಫಿಸಿಯೋ ಹಿಂದಿನಿಂದ ಇಳಿದು ಬಂದಳು. "ನನಗೋಸ್ಕರ ಸುಳ್ಳು ಹೇಳಿದ್ಯಾ?" ಎಂದು ಕೇಳುತ್ತಲೇ ಬಂದವಳು ಅವನ ಮುಖ ನೋಡಿ ಮಾತು ನಿಲ್ಲಿಸಿದಳು. ಎರಡು ಮೆಟ್ಟಿಲು ಕೆಳಗೆ ಹೋಗಿ ಕೂತು ಅವನ ಹಿಮ್ಮಡಿಯನ್ನು ತನ್ನ ಮಡಿಲಿಗೆ ಎತ್ತಿಕೊಂಡಳು. ಶೂ ಬಿಚ್ಚಿದಳು, ಕಾಲುಚೀಲ ಎಳೆದಳು.

"ಎಲ್ಲಿ?"

"ಅಲ್ಲೇ," ಎಂದ ಅವನು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. "ಅಲ್ಲೇ. ನೋಯ್ತಿದೆ."

ಅವಳು ಊದಿದ ಕೀಲಿನ ಮೇಲೆ ಹೆಬ್ಬೆರಳನ್ನು ಊರಿ, ತೆಗೆದಳು. ಚರ್ಮದಲ್ಲಿ ಒಂದು ಗುಳಿ ಉಳಿಯಿತು. ಮೇಲಿನ ಕೋಣೆಯಿಂದ ಮ್ಯಾನೇಜರ್, ಕೋಚ್ ಇಳಿದು ಬಂದು ಅವರನ್ನು ದಾಟಿಕೊಂಡು ಹೋದರು. ಏಣಿ, ಫಿಸಿಯೋ ಇಬ್ಬರೂ ತಲೆ ಬಗ್ಗಿಸಿ ಆ ಗುಳಿಯನ್ನೇ ನೋಡುತ್ತಾ ಕೂತಿದ್ದರು. ಅದು ತುಂಬಿಕೊಳ್ಳಲು ಬಹಳ ಹೊತ್ತು ಹಿಡಿಯಿತು.