ಮರಿಲಿಂಗನ ಎಡಗೈ ಮಚ್ಚು

ನಾನು ಒಂದು ಮಚ್ಚು. ಹೆಸರು ಕೇಳಿದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಆದರೆ ನಾನು ಹುಟ್ಟಿದ್ದು ಎಳನೀರು ಕೊಚ್ಚುವುದಕ್ಕೆ, ಬಾಳಿನುದ್ದಕ್ಕೂ ಕೊಚ್ಚಿದ್ದೂ ಅದನ್ನೇ.

ಅದಕ್ಕೆ ಮುಂಚೆ ನಾನು ಒಂದು ಲಾರಿಯ ಅಡಿಯಲ್ಲಿ ಭಾರ ಹೊರುವ ಸ್ಪ್ರಿಂಗ್ ಪಟ್ಟಾ ಆಗಿದ್ದೆ. ಲಾರಿ ಸತ್ತ ಮೇಲೆ ಕಾಳಾಚಾರಿ ಎಂಬ ಕಮ್ಮಾರ ನನ್ನನ್ನು ತಂದು, ಕೆಂಪಗೆ ಕಾಯಿಸಿ, ಬಡಿದು ಈ ರೂಪ ಕೊಟ್ಟ. ಮಾಡಿಸಿದವನು ಮರಿಲಿಂಗ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಮೂಲೆಯಲ್ಲಿ ಎಳನೀರು ಗಾಡಿ ನಿಲ್ಲಿಸುತ್ತಿದ್ದವನು. ಅವನು ಎಡಚ. ಅದಕ್ಕೇ ಆಚಾರಿ ಗೊಣಗುತ್ತಲೇ ನನ್ನ ಅಲಗನ್ನು ಎಡಗೈಗೆ ಹೊಂದುವಂತೆ ತಿರುವುಮುರುವಾಗಿ ಮಸೆದ. ಒಮ್ಮೆ ಪಕ್ಕದ ಟೀ ಅಂಗಡಿಯವನು ನನ್ನನ್ನು ಬಲಗೈಯಲ್ಲಿ ಹಿಡಿದು ಜಂಬದಿಂದ ಬೀಸಿದ. ನಾನು ಜಾರಿದೆ. ಎಳನೀರೆಲ್ಲ ಅವನ ಲುಂಗಿಗೆ ಅಭಿಷೇಕವಾಯಿತು. ಮರಿಲಿಂಗ ಇಡೀ ದಿನ ನಕ್ಕ.

ನಗುವ ಗಂಡಸೇ ಅವನು. ಮಕ್ಕಳ ಮಾತು ಬಂದರೆ ಮಾತ್ರ ಬಾಯಿಗೆ ಬೀಗ. ಮೊದಲ ಮಗು ಆಸ್ಪತ್ರೆಯಲ್ಲಿ ಹುಟ್ಟಿ, ಒಂದು ಗಂಟೆ ಬದುಕಿ ಹೋದಾಗ ಅವನು ಎಳನೀರಿನ ಲೋಡು ತರಲು ಪಕ್ಕದ ತಾಲ್ಲೂಕಿಗೆ ಹೋಗಿದ್ದ. ಹಿಂತಿರುಗುವಷ್ಟರಲ್ಲಿ ಮಣ್ಣೂ ಮುಗಿದಿತ್ತು. ಆರು ವರ್ಷದ ಮೇಲೆ ಹೆಂಡತಿ ಸಣ್ಣತಾಯಿ ಮತ್ತೆ ಬಸುರಿಯಾದಳು. ಆ ದಿನ ಅವನು ನನ್ನನ್ನು ಎರಡು ಸಲ ಮಸೆದ, ಸುಮ್ಮನೆ, ಸಂತೋಷಕ್ಕೆ.

ಅದಾಗಿ ಹದಿನೈದು ದಿನಕ್ಕೆ, ಮಟಮಟ ಮಧ್ಯಾಹ್ನ, ಓಣಿಯೊಳಗಿಂದ ಹೆಂಗಸೊಬ್ಬರ ಕೂಗು ಕೇಳಿತು. ಯಾವನೋ ಮಚ್ಚು ತೋರಿಸಿ, ನಿವೃತ್ತ ಟೀಚರು ಗಿರಿಜಾಂಬ ಅವರ ಸರ ಕಿತ್ತುಕೊಂಡು ಓಡುತ್ತಿದ್ದ. ಮರಿಲಿಂಗ ಆಗ ಕಾಯಿ ಕೆತ್ತುತ್ತಿದ್ದ. ಕಾಯಿ ಬಿಟ್ಟ, ನನ್ನನ್ನು ಬಿಡಲಿಲ್ಲ. "ಕಳ್ಳ, ಕಳ್ಳ" ಎನ್ನುತ್ತ ನನ್ನನ್ನು ಹಿಡಿದೇ ಹಿಂದೆ ಓಡಿದ. ಅವನ ಬಾಳಿನ ತಪ್ಪೆಂದರೆ ಇದೊಂದೇ. ಕಳ್ಳ ಬೈಕು ಹತ್ತಿ ಮಾಯವಾದ. ಮರಿಲಿಂಗ ಏದುಸಿರು ಬಿಡುತ್ತ ಬಂದು, ಬಿದ್ದಿದ್ದ ಟೀಚರನ್ನು ಎತ್ತಿ ಕೂರಿಸಿ, ಎಳನೀರು ಕುಡಿಸಿ, ಆಟೋ ಹತ್ತಿಸಿದ.

ಓಣಿಯ ಆ ತುದಿಯವರು ನೋಡಿದ್ದು ಮಾತ್ರ ಮಚ್ಚು ಹಿಡಿದು ಓಡಿದ ಮರಿಲಿಂಗನನ್ನು. ಅವರು ಕಂಡದ್ದನ್ನು ಹೇಳಿದರು. ಮರುದಿನ ಪೊಲೀಸರು ಬಂದರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಟೀ ಕುಡಿಯುತ್ತಿದ್ದ ಇಬ್ಬರನ್ನು ಪಂಚರೆಂದು ನಿಲ್ಲಿಸಿ ಮಹಜರು ಬರೆದು, ನನ್ನನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಸೀಲು ಒತ್ತಿದರು. ಸರ ಸಿಗಲೇ ಇಲ್ಲ. ಅದನ್ನು ಜೊತೆಗಾರನಿಗೆ ದಾಟಿಸಿದ್ದಾನೆ ಎಂದು ಬರೆದರು. ಟೀಚರು ಆಸ್ಪತ್ರೆಯಿಂದ ನೇರ ಶಿವಮೊಗ್ಗದ ಮಗಳ ಮನೆಗೆ ಹೋದರು. ಪೊಲೀಸರು ಹಿಡಿದದ್ದು ಯಾರನ್ನೆಂದು ಅವರಿಗೆ ಯಾರೂ ತೋರಿಸಲಿಲ್ಲ.

ಮರಿಲಿಂಗ ಜೈಲಿಗೆ ಹೋದ. ನಾನು ಕೇಸಿನ ವಸ್ತುಗಳನ್ನಿಡುವ ಕೋರ್ಟಿನ ಮುದ್ದೆಮಾಲು ಕೋಣೆಗೆ ಹೋದೆ. ಅಲ್ಲಿ ತುಕ್ಕು ಹಿಡಿದ ಸೈಕಲ್ಲು, ಒಡೆದ ಬೀಗ, ಯಾರದೋ ರಕ್ತದ ಅಂಗಿ. ಎಲ್ಲರ ಕೊರಳಲ್ಲೂ ಚೀಟಿ. ಗುಮಾಸ್ತ ಜವರಪ್ಪ ವಾಯಿದೆ ದಿನ ನನ್ನನ್ನು ತಂದು ಮೇಜಿನ ಮೇಲಿಡುವನು. ಸಾಕ್ಷಿ ಗೈರು ಎಂದ ಕೂಡಲೆ ವಾಪಸು ಒಯ್ಯುವನು. ಜಾಮೀನು ಸಿಕ್ಕಿತ್ತು, ಆದರೆ ಅದಕ್ಕೆ ಪಹಣಿ ಇರುವವರೊಬ್ಬರು ಸಹಿ ಹಾಕಬೇಕಿತ್ತು. ಅವನ ಕೈಯಿಂದ ಎಳನೀರು ಕುಡಿದವರಲ್ಲಿ ಜಮೀನಿದ್ದವರು ಎಷ್ಟೋ ಮಂದಿ. ಸುಲಿಗೆ ಕೇಸೆಂದರೆ ಒಬ್ಬರೂ ಇತ್ತ ತಲೆ ಹಾಕಲಿಲ್ಲ. ನನಗೆ ಇನ್ನೂ ಸಿಟ್ಟಿದೆ.

ಸರ್ಕಾರವೇ ಕೊಟ್ಟ ವಕೀಲರು ರುದ್ರಾರಾಧ್ಯ ಒಳ್ಳೆಯವರು. ಸೀಲು ಬಿಚ್ಚಿದ ದಿನ ನನ್ನನ್ನು ತಿರುಗಿಸಿ ನೋಡಿದವರು ಅವರೊಬ್ಬರೇ. ಅಲಗು ನೋಡಿ ಅವರ ಹುಬ್ಬು ಏರಿತು. ಕಳ್ಳ ಬಲಗೈಯಲ್ಲಿ ಹಿಡಿದಿದ್ದ ಎಂದು ಟೀಚರ ಹೇಳಿಕೆಯಲ್ಲೇ ಇತ್ತು. ಟೀಚರು ಒಂದು ಸಲ ಬಂದು ನಿನ್ನ ಮುಖ ನೋಡಲಿ, ಸಾಕು ಎಂದು ಅವರು ಮರಿಲಿಂಗನಿಗೆ ಧೈರ್ಯ ಹೇಳಿದರು.

ಏಳು ತಿಂಗಳು ಕಳೆಯಿತು. ಕೋರ್ಟಿನ ಬೇಸಿಗೆ ರಜೆಗೆ ಮುಂಚಿನ ಕಡೆಯ ದಿನ. ಸಣ್ಣತಾಯಿ ತುಂಬಿದ ಹೊಟ್ಟೆ ಹೊತ್ತು ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದಳು. ಡಾಕ್ಟರು ಈ ವಾರವೇ ಎಂದಿದ್ದರು. ಹನ್ನೊಂದಕ್ಕೆ ಕೇಸು ಕೂಗಿದರು. ಟೀಚರು ಬಂದಿರಲಿಲ್ಲ. ಮುಂದಿನ ವಾಯಿದೆ ಜೂನಿಗೆ.

ಮರಿಲಿಂಗ ವಕೀಲರನ್ನು ಪಕ್ಕಕ್ಕೆ ಕರೆದ. ಒಪ್ಪಿಕೊಂಡರೆ ಯಾವಾಗ ಬಿಡುತ್ತಾರೆ ಎಂದು ಕೇಳಿದ. ಒಳಗಿದ್ದ ದಿನಗಳನ್ನೇ ಶಿಕ್ಷೆ ಎಂದು ಹಿಡಿದು ಇವತ್ತೇ ಬಿಡಬಹುದು, ಆದರೆ ಸಾಯುವ ತನಕ ಕಳ್ಳನಾಗಿರುತ್ತೀಯ, ಬೇಡ ಎಂದರು ಅವರು.

"ಮೊದಲ್ನೇ ಕೂಸು ಹೋದಾಗ ನಾನಿರ್ನಿಲ್ಲ ಸಾರ್," ಎಂದ ಮರಿಲಿಂಗ. "ಇದ್ಕಾದ್ರೂ ಇರ್ಬೇಕು."

ನ್ಯಾಯಾಧೀಶರು ಎರಡು ಸಲ ಕೇಳಿದರು, ಯಾರಾದರೂ ಹೆದರಿಸಿದ್ದಾರೆಯೇ ಎಂದು. ಇಲ್ಲ ಸ್ವಾಮಿ, ತಪ್ಪಾಯ್ತು ಎಂದು ಅವನು ತಲೆ ತಗ್ಗಿಸಿದ. ನಾನು ಮೇಜಿನ ಮೇಲೆ ಅವನಿಂದ ಮೂರು ಮೊಳ ದೂರದಲ್ಲಿದ್ದೆ. ನನ್ನನ್ನು ಅವನ ಕೈಗೆ ಕೊಟ್ಟು ನೋಡಿ ಎಂದು ಅರಚಬೇಕೆನಿಸಿತು. ಶಿಕ್ಷೆ ಬರೆದು ಸಹಿ ಹಾಕಿದರು. ನನ್ನನ್ನು ನಾಶ ಮಾಡಬೇಕೆಂದೂ ಬರೆದರು.

ಹನ್ನೆರಡೂವರೆಗೆ ಗಿರಿಜಾಂಬ ಬಂದರು. ದಾರಿಯಲ್ಲಿ ಬಸ್ಸು ಕೆಟ್ಟಿತ್ತಂತೆ. ಬಿಡುಗಡೆಯ ಕಾಗದಕ್ಕಾಗಿ ಬೆಂಚಿನ ಮೇಲೆ ಕೂತವನನ್ನು ಜವರಪ್ಪ ತೋರಿಸಿದ. ಅವರು ಹತ್ತಿರ ಹೋಗಿ, ಕನ್ನಡಕ ಒರೆಸಿಕೊಂಡು ನೋಡಿದರು.

"ಇವನಲ್ಲ," ಎಂದರು. "ನನ್ನನ್ನ ಎತ್ತಿ ಕೂರಿಸಿ ಎಳನೀರು ಕುಡಿಸಿದೋನು ಇವನು."

ವಕೀಲರು ಒಳಗೆ ಓಡಿದರು. ನ್ಯಾಯಾಧೀಶರು ಕಡತ ತರಿಸಿ ಟೀಚರ ಹೇಳಿಕೆಯನ್ನು ಮತ್ತೆ ಓದಿದರಂತೆ. ಸಹಿ ಬಿದ್ದ ತೀರ್ಪನ್ನು ತಾವು ತಿದ್ದುವ ಹಾಗಿಲ್ಲ, ಮೇಲಿನ ಕೋರ್ಟಿಗೆ ಹೋಗಲಿ ಎಂದರಂತೆ. ಟೀಚರು ಅಲ್ಲಿಗೂ ಬರುತ್ತೇನೆ ಎಂದು ಅತ್ತರು. ಮರಿಲಿಂಗನೇ ಅವರನ್ನು ಸಮಾಧಾನ ಮಾಡಿದ. ಬುಡಿ ಅಮ್ಮ, ಮೊದ್ಲು ಮನೆಗೋಯ್ತೀನಿ ಎಂದ. ಮೇಲಿನ ಕೋರ್ಟಿಗೆ ಅವನು ಹೋಗಲೇ ಇಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಅವನು ನನ್ನನ್ನು ಕೇಳಿಕೊಂಡು ಬಂದ. ಹೆಣ್ಣು ಮಗು, ಗಟ್ಟಿಯಾಗಿದೆ, ಹುಟ್ಟಿದಾಗ ಬಾಗಿಲಲ್ಲೇ ಇದ್ದೆ ಎಂದು ಜವರಪ್ಪನಿಗೆ ಹೇಳಿದ. ಮಚ್ಚು ಕೊಡಲಾಗದು, ಅಪರಾಧಕ್ಕೆ ಬಳಸಿದ ಆಯುಧವೆಂದು ನೀನೇ ಒಪ್ಪಿದ್ದೀಯ ಎಂದ ಜವರಪ್ಪ. ಬೇರೆ ಒಂದು ಮಾಡಿಸಿಕೋ ಎಂದೂ ಸೇರಿಸಿದ.

"ಮಾಡ್ಸಿದ್ದೆ ಸ್ವಾಮಿ," ಎಂದ ಮರಿಲಿಂಗ. "ನಾನು ಮಚ್ಚೆತ್ತುದ್ರೆ ಹೆಂಗಸ್ರು ಸರ ಮುಚ್ಕತರೆ. ಇದ್ನಾದ್ರೂ ನೋಡ್ಕೊಂಡೋಗನ ಅಂತ ಬಂದೆ."

ಜವರಪ್ಪ ಬಾಗಿಲು ತೆರೆದು ಅವನಿಗೆ ನನ್ನನ್ನು ದೂರದಿಂದ ತೋರಿಸಿದ.

ಈಗ ನಾನು ಗುಜರಿ ಅಂಗಡಿಯಲ್ಲಿ ಮೂರು ತುಂಡಾಗಿ ಬಿದ್ದಿದ್ದೇನೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರೆ. ಮರಿಲಿಂಗ ಗೆಲ್ಲಲೂ ಇಲ್ಲ, ಸಾಯಲೂ ಇಲ್ಲ. ಮಂಡಿಯಲ್ಲಿ ಮೂಟೆ ಹೊರುತ್ತಾನಂತೆ. ಆ ಮಗು ಬೆಳೆದು ಶಾಲೆಗೆ ಹೋದಾಗ ಯಾರಾದರೂ ಅವಳನ್ನು ಕಳ್ಳನ ಮಗಳು ಎಂದು ಅಂದೇ ಅನ್ನುತ್ತಾರೆ. ಅವಳು ಮನೆಗೆ ಬಂದು ಹೌದಾ ಅಪ್ಪ ಎಂದು ಕೇಳುತ್ತಾಳೆ. ಆಗ ಅವನು ಏನು ಹೇಳುತ್ತಾನೋ ನನಗೆ ತಿಳಿಯದು. ನಿನಗೋಸ್ಕರ ಎಂದು ಮಾತ್ರ ಅವನು ಹೇಳುವುದಿಲ್ಲ.