ಸಪಾಟು ಗೆರೆ

ಅವಳು ಲ್ಯಾಪ್‌ಟಾಪ್ ಮುಚ್ಚಿದ ರೀತಿಯಲ್ಲೇ ಗಂಡನಿಗೆ ಗೊತ್ತಾಗಿಹೋಯಿತು, ನೀರು ಸಿಕ್ಕಿದೆ ಎಂದು. ಏನೂ ಸಿಗದವರು ಹಾಗೆ ಮುಚ್ಚುವುದಿಲ್ಲ; ದಡಾರನೆ ಮುಚ್ಚಿ, ಎದ್ದು ಹೋಗಿ, ಎದುರಿಗೆ ಸಿಕ್ಕವರ ಮೇಲೆ ರೇಗುತ್ತಾರೆ. ಇವಳು ನಿದ್ದೆ ಹೋದ ಕೂಸಿಗೆ ಹೊದಿಕೆ ಎಳೆಯುವ ಹಾಗೆ ಮೆಲ್ಲಗೆ ಮುಚ್ಚಿ, ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಳು.

“ಇಣುಕಬೇಡಿ ರೀ.”

“ಯಾರು ಇಣುಕಿದ್ರು? ನೀರು ಕುಡಿಯೋಣ ಅಂತ ಬಂದೆ.”

ನೀರು ಎಂದದ್ದೇ ತಡ, ಅವಳ ತುಟಿಯಂಚಿನಲ್ಲಿ ನಗು ಬಂದುಬಿಟ್ಟಿತು. ಮುಖ ಆಚೆ ತಿರುಗಿಸಿಕೊಂಡಳು. ಅವನು ಬೇಡದ ನೀರನ್ನು ಗಟಗಟ ಕುಡಿದು ತನ್ನ ಕೋಣೆಗೆ ಹೋದ.

ಇಬ್ಬರದೂ ಒಂದೇ ಕಚೇರಿ, ಒಂದೇ ಕೆಲಸ. ದೂರದ ಒಂದು ಪುಟ್ಟ ಕೆಂಪು ನಕ್ಷತ್ರದ ಸುತ್ತ ಗ್ರಹವೊಂದು ಸುತ್ತುತ್ತದೆ. ನಕ್ಷತ್ರದ ಮುಂದೆ ಅದು ಹಾದುಹೋಗುವಾಗ ಬೆಳಕು ಒಂದಿಷ್ಟು ಕುಂದುತ್ತದೆ. ಗ್ರಹದ ಅಂಚಿನ ಗಾಳಿಯಲ್ಲಿ ನೀರಾವಿ ಇದ್ದರೆ ಕೆಲವು ಬಣ್ಣಗಳಲ್ಲಿ ಕೂದಲೆಳೆಯಷ್ಟು ಹೆಚ್ಚು ಕುಂದುತ್ತದೆ. ಬಣ್ಣಗಳನ್ನೆಲ್ಲ ಸಾಲಾಗಿಟ್ಟು ಗೆರೆ ಎಳೆದರೆ, ನೀರಿದ್ದಲ್ಲಿ ಒಂದು ಉಬ್ಬು. ಇಲ್ಲದಿದ್ದರೆ ಸಪಾಟು. ಇಷ್ಟು ನವಿರಾದ ಸಂಗತಿಯನ್ನು ಒಬ್ಬರ ಮಾತಿನ ಮೇಲೆ ನಂಬುವ ಹಾಗಿಲ್ಲ. ಆದ್ದರಿಂದ ಇಬ್ಬರು ಬೇರೆಬೇರೆಯಾಗಿ ಅದೇ ದತ್ತಾಂಶವನ್ನು ತೊಳೆದು ಸೋಸಿ ತೆಗೆಯಬೇಕು, ಸಭೆಯ ದಿನದವರೆಗೆ ಪರಸ್ಪರ ತೋರಿಸಬಾರದು. ತಂಡದ ಮುಖ್ಯಸ್ಥರು ಮಾಡಿದ ನಿಯಮ ಇದು. ಯಾವ ಶಾಲೆಯಲ್ಲೂ ಪಾಠ ಹೇಳದ ಅವರಿಗೆ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಈ ಸಲ ಆ ಇಬ್ಬರು ಗಂಡ ಹೆಂಡತಿಯೇ ಆದಾಗ ಮೇಷ್ಟ್ರು, “ಮನೇಲಿ ಬೇಕಾದ್ದು ಮಾತಾಡ್ಕೊಳ್ಳಿ, ಜಗಳಾನೂ ಆಡಿ. ಗ್ರಹದ ಸುದ್ದಿ ಮಾತ್ರ ಎತ್ತಬೇಡಿ” ಎಂದು ನಕ್ಕಿದ್ದರು.

ಗ್ರಹ ಅವಳದು. ಆರಿಸಿದವಳು ಅವಳು, ಅರ್ಜಿ ಬರೆದವಳು ಅವಳು, ಮೊದಲ ಸಲಕ್ಕೇ ದೂರದರ್ಶಕದ ಸಮಯ ಗಿಟ್ಟಿಸಿಕೊಂಡವಳೂ ಅವಳೇ. ಅವನಿಗೂ ಒಂದು ಗ್ರಹವಿತ್ತು. ಅದಕ್ಕೆ ಅವನು ವರ್ಷಗಳನ್ನೇ ಸುರಿದಿದ್ದ, ಅದು ಮೋಡದ ಮುಸುಕು ಎಳೆದುಕೊಂಡು ಏನನ್ನೂ ಬಿಟ್ಟುಕೊಡದೆ ಕೂತಿತ್ತು. ಏನೂ ಸಿಗಲಿಲ್ಲ ಎಂದು ಬರೆದ ಪ್ರಬಂಧವನ್ನು ಓದುವವರು ಯಾರು? ಈ ವಿದ್ಯೆಯನ್ನು ಹೆಂಡತಿಗೆ ಊಟದ ಮೇಜಿನ ಮೇಲೆ ಅಕ್ಷರ ತಿದ್ದಿಸಿದ ಹಾಗೆ ಕಲಿಸಿದವನು ತಾನು ಎಂಬುದು ಈಗೀಗ ಅವನಿಗೆ ಮೇಲಿಂದ ಮೇಲೆ ನೆನಪಾಗುತ್ತಿತ್ತು. ಹೊಟ್ಟೆಯಲ್ಲಿ ಉರಿಯುತ್ತಿದ್ದುದಕ್ಕೆ ಬೇರೆ ಹೆಸರಿಡಲು ನೋಡಿದ: ಕಾಳಜಿ, ಶಿಸ್ತು, ವೃತ್ತಿಧರ್ಮ. ಯಾವುದೂ ಒಪ್ಪಲಿಲ್ಲ. ಅದು ಹೊಟ್ಟೆಕಿಚ್ಚು, ಶುದ್ಧ ಹೊಟ್ಟೆಕಿಚ್ಚು.

ಅದಕ್ಕೆ ತುಪ್ಪ ಸುರಿಯಲು ಅವನ ತಾಯಿ ಇದ್ದರು. ಹಜಾರದಲ್ಲಿ ಕೂತು ತಂಗಿಯೊಡನೆ ಫೋನಿನಲ್ಲಿ ಮಾತಾಡಿದರೆ ಮೂರು ಮನೆಗೆ ಕೇಳುತ್ತಿತ್ತು.

“ಹೂಂ ಕಣೇ, ಗ್ರಹ ನಮ್ಮ ಸೊಸೇದು. ಅಲ್ಲಿ ನೀರಿದೆಯೋ ಏನೋ ನೋಡ್ತಿದಾಳೆ. ಮಗನಾ? ಅವನೂ ಅಲ್ಲೇ ಇದಾನೆ, ಅವಳ ಜೊತೆಗೆ.”

ಅವಳ ಜೊತೆಗೆ! ಹೆತ್ತ ತಾಯಿಯೇ ತನ್ನನ್ನು ಬಾಲಂಗೋಚಿ ಮಾಡಿದ ಮೇಲೆ ಇನ್ನು ಯಾರಿಗೆ ಹೇಳಿಕೊಳ್ಳುವುದು?

ಅವನ ಗೆರೆ ಸಪಾಟಾಗಿ ಬಂದಿತ್ತು. ಅದು ಬಂದ ದಿನ ಅವನಿಗೆ ಎಷ್ಟು ಹಗುರವಾಯಿತೆಂದರೆ, ಸಂಜೆ ದಾರಿಯಲ್ಲಿ ಹೂವು ಕೊಂಡು ತಂದು ಹೆಂಡತಿಯ ಕೈಗೆ ಕೊಟ್ಟಿದ್ದ. ಅವಳು, “ಏನಿದು, ಹುಷಾರಾಗಿದೀರಾ?” ಎಂದು ಹಣೆ ಮುಟ್ಟಿ ನೋಡಿದ್ದಳು.

ಭಾನುವಾರ ಬೆಳಿಗ್ಗೆ, ಸಭೆಗೆ ಇನ್ನೊಂದೇ ದಿನ ಇರುವಾಗ, ಸುಮ್ಮನೆ ಒಮ್ಮೆ ಕಣ್ಣಾಡಿಸಲು ಕೂತವನಿಗೆ ತಪ್ಪು ಕಂಡಿತು. ಉಪಕರಣ ಯಾವಾಗಲೂ ತುಸು ಓಲಾಡುತ್ತದೆ. ಗ್ರಹ ನಕ್ಷತ್ರದ ಮುಂದೆ ಇಲ್ಲದ ಹೊತ್ತಿನ ಬೆಳಕನ್ನಷ್ಟೇ ನೋಡಿ, ಆ ಓಲಾಟ ಎಷ್ಟೆಂದು ಅಳೆದು ಕಳೆಯಬೇಕು. ಅವನು ಗ್ರಹ ಮುಂದೆ ಬಂದಿದ್ದ ಹೊತ್ತನ್ನೂ ಸೇರಿಸಿ ಅಳೆದಿದ್ದ. ಗ್ರಹ ಹೇಳಿದ್ದನ್ನೆಲ್ಲ ಉಪಕರಣದ ದೋಷವೆಂದು ಗುಡಿಸಿ ಆಚೆ ಹಾಕಿದ್ದ. ಕಣ್ಣುಬಿಡುತ್ತಿರುವ ವಿದ್ಯಾರ್ಥಿಗಳು ಮಾಡುವ ತಪ್ಪು. ಅವರು ಮಾಡಿದಾಗ ಇವನೇ ಕಿವಿ ಹಿಂಡಿದ್ದುಂಟು.

ತಿದ್ದಿ ಮತ್ತೆ ಲೆಕ್ಕಕ್ಕೆ ಹಚ್ಚಿದ. ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ಕೋಣೆಯಲ್ಲಿ ಕಂಪ್ಯೂಟರ್ ಗುಂಯ್‌ಗುಡುತ್ತಿತ್ತು. ಹೆಂಡತಿ ಅನ್ನ ಬಡಿಸುತ್ತಾ, “ನಾಳೆ ಭಯ ಆಗ್ತಿದೆ ರೀ” ಎಂದಳು. “ಭಯ ಯಾಕೆ, ಏನು ಬಂದಿದೆಯೋ ಅದನ್ನ ತೋರಿಸೋದು” ಎಂದ. ಸಂಜೆ ಹೊತ್ತಿಗೆ ಉಬ್ಬು ಎದ್ದು ನಿಂತಿತ್ತು, ಎಲ್ಲಿ ಏಳಬೇಕೋ ಅಲ್ಲೇ.

ಅವನು ಅದನ್ನು ಬಹಳ ಹೊತ್ತು ನೋಡಿದ. ಚೆಂದವಿತ್ತು. ಅವನ ಬದುಕಿನಲ್ಲಿ ಒಮ್ಮೆಯೂ ಏಳದ ಉಬ್ಬು. ಆಮೇಲೆ ಸಭೆಯ ಚಿತ್ರಗಳಲ್ಲಿ ಸಪಾಟು ಗೆರೆಯನ್ನು ಹಾಗೇ ಬಿಟ್ಟು, ಇದನ್ನು ಅದರ ಹಿಂದೆ ಸೇರಿಸಿಟ್ಟ. ಕೊನೆಗೆ ಬೇಕಾದರೆ ಇರಲಿ ಎಂದು ತನಗೇ ಹೇಳಿಕೊಂಡ. ತಪ್ಪನ್ನು ಮುಂದಿನ ವಾರ ನಿಧಾನವಾಗಿ ಕಂಡುಹಿಡಿಯಬಹುದಲ್ಲ? ಇಬ್ಬರ ಗೆರೆ ಹೊಂದದಿದ್ದರೆ ಮುಂದಿನ ವಾರದ ಹೊತ್ತಿಗೆ ಅವಳಿಗೆ ಉಳಿದಿರುವ ದೂರದರ್ಶಕದ ಸಮಯ ಬೇರೆಯವರ ಪಾಲಾಗಿರುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಸಭೆಯಲ್ಲಿ ಅವಳು ಮೊದಲು ತೋರಿಸಿದಳು. ಉಬ್ಬು ಕಂಡದ್ದೇ ಕುರ್ಚಿಗಳು ಕಿರುಗುಟ್ಟಿದವು, ಎಲ್ಲರೂ ಮುಂದಕ್ಕೆ ಬಾಗಿದರು. ಆಮೇಲೆ ಅವನು ತನ್ನ ಗೆರೆ ತೋರಿಸಿದ. ಕೋಣೆ ತಣ್ಣಗಾಯಿತು.

“ಏನಯ್ಯಾ, ಏನೂ ಇಲ್ವಾ?” ಎಂದರು ಮೇಷ್ಟ್ರು.

“ಏನೂ ಇಲ್ಲ ಸಾರ್.”

ಹೆಂಡತಿ ವಾದಿಸುತ್ತಾಳೆ, ಸಿಡುಕುತ್ತಾಳೆ ಎಂದುಕೊಂಡಿದ್ದ. ಅದಕ್ಕೆ ಉತ್ತರಗಳನ್ನೂ ಮಸೆದಿಟ್ಟುಕೊಂಡಿದ್ದ. ಅವಳು ಪರದೆಯನ್ನೇ ನೋಡುತ್ತಿದ್ದು, ಆಮೇಲೆ ಮೇಷ್ಟ್ರ ಕಡೆ ತಿರುಗಿದಳು.

“ಹಾಗಾದ್ರೆ ನಂದೇ ತಪ್ಪಿರಬೇಕು ಸಾರ್. ಈ ಕೆಲಸ ನಾನು ಕಲ್ತಿದ್ದೇ ಇವರ ಹತ್ರ. ಇವರು ತಪ್ಪು ಮಾಡಿದ್ದನ್ನ ನಾನು ನೋಡಿಲ್ಲ.”

ಮೇಷ್ಟ್ರು ನಿಟ್ಟುಸಿರು ಬಿಟ್ಟರು. “ಬೇಜಾರು ಮಾಡ್ಕೋಬೇಡಮ್ಮ. ಉಳಿದ ಸಮಯ ಪಕ್ಕದ ತಂಡಕ್ಕೆ ಬಿಟ್ಟುಕೊಡೋಣ. ಕೇಳ್ತಾನೇ ಇದ್ರು.” ಹೇಳುತ್ತಲೇ ಫೋನು ಕೈಗೆತ್ತಿಕೊಂಡರು.

ಅವಳು ತನ್ನ ಚಿತ್ರದ ಹಾಳೆಯನ್ನು ಮಡಚತೊಡಗಿದಳು, ಇನ್ನೂ ಮಡಚಿದಳು, ಅಂಗೈಯಷ್ಟು ಆಗುವವರೆಗೆ ಮಡಚಿದಳು. ಗೆದ್ದೆ ಎಂದು ಅವನಿಗೆ ಅನ್ನಿಸಬೇಕಿತ್ತು. ಎದೆಯೊಳಗೆ ಅಂಥದ್ದೇನೂ ಆಗಲಿಲ್ಲ. ಆದದ್ದು ನಾಚಿಕೆ.

“ತಡೀರಿ ಸಾರ್. ಫೋನ್ ಮಾಡಬೇಡಿ.”

ಗುಂಡಿ ಒತ್ತಿದ. ಮುಂದಿನ ಚಿತ್ರ ಬಂತು. “ನಾನು ತಪ್ಪು ಮಾಡಿದ್ದೆ. ಗ್ರಹ ಅಡ್ಡ ಬಂದಿದ್ದ ಹೊತ್ತನ್ನೂ ಸೇರಿಸಿ ಕಳೆದಿದ್ದೆ. ತಿದ್ದಿದರೆ ಹೀಗೆ ಬರತ್ತೆ.”

ಎರಡು ಉಬ್ಬುಗಳು ಒಂದರ ಮೇಲೊಂದು ಕೂತವು. ಕೋಣೆಯಲ್ಲಿ ಕೇಕೆ ಎದ್ದಿತು. ಮೇಷ್ಟ್ರು ಅವನ ಬೆನ್ನಿಗೊಂದು ಗುದ್ದಿ, “ಎದೆ ಒಡೆಸಿಬಿಟ್ಟಿದ್ಯಲ್ಲೋ! ನಾಟಕ ಮಾಡ್ತೀಯಾ?” ಎಂದು ನಕ್ಕರು. ಎಲ್ಲರೂ ತಮಾಷೆ ಎಂದೇ ತಿಳಿದರು.

ಅವಳೊಬ್ಬಳು ನಗಲಿಲ್ಲ. ಗಲಾಟೆಯ ನಡುವೆ ಅವನ ಪಕ್ಕಕ್ಕೆ ಬಂದು ಪರದೆಯ ಮೇಲಿನ ಗೆರೆಯನ್ನು ಮತ್ತೊಮ್ಮೆ ನೋಡಿದಳು.

“ಈ ಲೆಕ್ಕ ಮುಗಿಯೋಕೆ ಒಂದಿಡೀ ಹಗಲು ಬೇಕು, ಅಲ್ವಾ?”

“ಹೂಂ.”

“ನಿನ್ನೆ ಊಟಕ್ಕೆ ಕೂತಾಗ ನಿಮ್ಮ ಕಂಪ್ಯೂಟರ್ ಓಡ್ತಿತ್ತು.”

ಅದು ಪ್ರಶ್ನೆಯಾಗಿರಲಿಲ್ಲ.

“ಗಂಡ ಹೆಂಡ್ತಿ ಇಬ್ರೂ ಹಾಗೇ ನಿಲ್ಲಿ, ಒಂದು ಫೋಟೋ ಆಗ್ಲಿ!” ಎಂದು ಮೇಷ್ಟ್ರು ಕೂಗಿ ಫೋನು ಎತ್ತಿ ಹಿಡಿದರು. “ಇದೇನು, ಮಧ್ಯ ಇನ್ನೊಬ್ಬರು ನಿಲ್ಲಬಹುದು! ಹತ್ರ ಬನ್ನಿ.”

ಅವನು ಒಂದು ಹೆಜ್ಜೆ ಸರಿದ. “ಇನ್ನೂ ಸ್ವಲ್ಪ” ಎಂದರು ಮೇಷ್ಟ್ರು. ಮತ್ತೊಂದು ಹೆಜ್ಜೆ ಸರಿದ. ಅವಳು ನೇರ ಮುಂದೆ ನೋಡುತ್ತಾ, ಚೆನ್ನಾಗಿಯೇ ನಗುತ್ತಾ, ಅವನ ಕಡೆಗಿದ್ದ ತನ್ನ ತೋಳನ್ನು ಅವನಿಗೆ ತಾಗದ ಹಾಗೆ ಮೆಲ್ಲಗೆ ಎದೆಗೆ ಎಳೆದುಕೊಂಡಳು.